ಹದಿನೇಳನೆಯ ಸಂಚಿಕೆಯ ಕೆಂಪು ಫ್ರಾಕು

"ಇದು ನಕಲಿ ಅಲ್ಲ ಮೇಷ್ಟ್ರೇ," ಎಂದಳು ದಾರದಜ್ಜಿ. "ಅಸಲಿ. ನಿಮ್ಮದಕ್ಕಿಂತ ಒಳ್ಳೇ ಅಸಲಿ."

ಕುರ್ಚಿಯಿಂದ ಏಳಲು ಹೋದ ಡ್ರಾಯಿಂಗ್ ಮೇಷ್ಟ್ರು ಅರ್ಧಕ್ಕೇ ನಿಂತರು.

"ಏನಕ್ಕ ಇದು? ನನ್ನ ಪುಸ್ತಕ ನನಗೆ ಗೊತ್ತಾಗಲ್ವಾ?"

"ನಿಮ್ಮದು ಅಂತ ನಾನೆಲ್ಲಿ ಅಂದೆ? ನಿಮ್ಮದಲ್ಲ. ಹಾಗಂತ ಸುಳ್ಳು ಪುಸ್ತಕಾನೂ ಅಲ್ಲ. ಒಂದೇ ತಾಯಿ ಹೊಟ್ಟೇಲಿ ಹುಟ್ಟಿದ ಅವಳಿ."

ಮೇಷ್ಟ್ರ ಬೀರುವಿನಿಂದ ಹಳೆಯ ಇಂಗ್ಲಿಷ್ ಚಿತ್ರಕಥೆಯ ಹದಿನೇಳನೆಯ ಸಂಚಿಕೆಯನ್ನು ಯಾರೋ ಒಯ್ದು, ಅದೇ ಸಂಚಿಕೆಯ ಇನ್ನೊಂದು ಪ್ರತಿಯನ್ನು ಅಲ್ಲಿಟ್ಟು ಹೋಗಿದ್ದಾರೆಂದು ತಿಳಿದು ಅಂದಿಗೆ ನಾಲ್ಕು ದಿನ. ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ಇಬ್ಬರ ಬಳಿ, ಮೇಷ್ಟ್ರು ಮತ್ತು ಅವರ ಸೊಸೆ.

ಅಜ್ಜಿ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಚ್ಚುಕೂಟವೊಂದರ ಬೈಂಡಿಂಗ್ ಕೋಣೆಯಲ್ಲಿ ನಲವತ್ತೊಂದು ವರ್ಷ ಹಾಳೆ ಮಡಚಿ, ದಾರ ಎಳೆದವಳು. ಇಂಗ್ಲಿಷ್ ಅಕ್ಷರ ಅವಳ ಪಾಲಿಗೆ ಇರುವೆ ಸಾಲು. ಆದರೆ ಕಾಗದ ಓದಲು ಅಕ್ಷರ ಯಾಕೆ? ಅದನ್ನು ಬೆರಳೇ ಓದುತ್ತದೆ.

"ಇಲ್ಲಿ ನೋಡಿ. ಟೀ ನೀರಲ್ಲಿ ಅದ್ದಿ ಹಳೇದು ಮಾಡಿದ ಕಾಗದ ಎಲ್ಲ ಕಡೆ ಒಂದೇ ಸಮ ಕಂದಾಗಿರುತ್ತೆ. ಇದು ಅಂಚಿಂದ ಒಳಕ್ಕೆ ಕಂದಾಗಿದೆ, ನಡುವೆ ಇನ್ನೂ ಹಾಲಿನ ಬಣ್ಣ. ವಯಸ್ಸು ಯಾವತ್ತೂ ಅಂಚಿಂದಾನೇ ಬರೋದು, ನಮ್ಮ ಕೂದಲಿನ ಹಾಗೆ."

"ಪಿನ್ನು?"

"ಪಿನ್ನಿನ ತುಕ್ಕು ಹೊದಿಕೆಯಿಂದ ನಡುಪುಟದ ತನಕ ಇಳಿದಿದೆ. ತುಕ್ಕನ್ನ ಯಾವ ಜಾಣನೂ ಒಂದು ರಾತ್ರೀಲಿ ಇಳಿಸೋಕಾಗಲ್ಲ. ಅರವತ್ತು ವರ್ಷ ಕಾಯಬೇಕು."

ಮೇಷ್ಟ್ರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು. "ಅಂದ್ರೆ, ಕಳ್ಳ ಬಂದು ಹರಕು ಒಯ್ದು ರೇಷ್ಮೆ ಇಟ್ಟು ಹೋದ ಅಂತೀಯ?"

"ಹಾಗೇ ಕಾಣುತ್ತೆ. ಇಂಥ ಕಳ್ಳ ನಮ್ಮನೆಗೂ ಬರ್ತಾನೆ ಅಂದ್ರೆ ಕದ ತೆಗೆದಿಟ್ಟು ಮಲಗ್ತೀನಿ."

ಮೇಷ್ಟ್ರು ನಗಲಿಲ್ಲ. ಅವರ ಕಣ್ಣು ಬೀರುವಿನ ಮೇಲೇ ಇತ್ತು.

ಬೀರುವಿನ ಎರಡು ಅರೆ, ಐವತ್ತು ಸಂಚಿಕೆ, ಪ್ರತಿಯೊಂದಕ್ಕೂ ಕಂದು ಕಾಗದದ ಲಕೋಟೆ. ಅಮೆರಿಕದಲ್ಲಿ ಬಣ್ಣಬಣ್ಣವಾಗಿ ಬರುತ್ತಿದ್ದ ಚಿತ್ರಕಥೆಗಳನ್ನು ಯುದ್ಧ ಮುಗಿದ ಮೇಲಿನ ಬಡತನದ ಕಾಲದಲ್ಲಿ ಇಂಗ್ಲೆಂಡಿನ ಅಚ್ಚುಕೂಟದವರು ಬರೀ ಕಪ್ಪು ಮಸಿಯಲ್ಲಿ ಮರುಮುದ್ರಣ ಮಾಡಿ ಮಾರುತ್ತಿದ್ದರು. ಹೊದಿಕೆಗಷ್ಟೇ ಬಣ್ಣ. ಒಳಗೆ ಅರವತ್ತೆಂಟು ಪುಟವೂ ಮಸಿ ಮತ್ತು ಹಾಲು. ಬೆಲೆ ಒಂದು ಶಿಲಿಂಗು. ತಾರೀಖು ಇಲ್ಲ, ಯಾವ ಕಥೆಯ ಪಕ್ಕ ಯಾವ ಕಥೆ ಎಂಬ ಲೆಕ್ಕವಿಲ್ಲ. ಮಕ್ಕಳು ಓದಿ, ಬದಲಾಯಿಸಿಕೊಂಡು, ಹರಿದು, ಬಿಸಾಡಲೆಂದೇ ಮಾಡಿದ ಪುಸ್ತಕ. ಅಂಥದ್ದು ಐವತ್ತೂ ಒಂದೇ ಕಡೆ ಉಳಿದಿವೆಯೆಂದರೆ, ಉಳಿಸಿದವನ ತಾಳ್ಮೆಗೆ ಕೈಮುಗಿಯಬೇಕು.

ಮೊದಮೊದಲು ಅಜ್ಜಿಗೂ ಇದು ಹುಚ್ಚೆನಿಸಿತ್ತು. ಬಣ್ಣದ್ದು ಸಿಗುವಾಗ ಕಪ್ಪು-ಬಿಳುಪು ಯಾಕೆ ಎಂದು ಒಮ್ಮೆ ಕೇಳಿದ್ದಳು.

"ಬಣ್ಣ ಅನ್ನೋದು ಕಂಬಳಿ ಇದ್ದ ಹಾಗೆ ಅಕ್ಕ," ಎಂದಿದ್ದರು ಮೇಷ್ಟ್ರು. "ಹೊದ್ದರೆ ಬೆಚ್ಚಗಿರುತ್ತೆ, ನಿಜ. ಸರಿಸಿದಾಗಲೇ ಮೈಕಟ್ಟು ಕಾಣೋದು. ಈ ಗೆರೆ ನೋಡು. ಎಳೆದವನು ಎಲ್ಲಿ ಉಸಿರು ಹಿಡಿದ, ಎಲ್ಲಿ ಬಿಟ್ಟ, ಎಲ್ಲ ಕಾಣುತ್ತೆ."

ಅಂದಿನಿಂದ ಅವಳೂ ಗೆರೆ ನೋಡುವುದು ಕಲಿತಳು. ಅಲೆಯ ಬೆನ್ನಿಗೆ ಎಳೆದ ಸಾವಿರ ಸಣ್ಣ ಗೀಟು. ಒಂದೂ ಇನ್ನೊಂದನ್ನು ತುಳಿದಿರಲಿಲ್ಲ. ಒಳ್ಳೆಯ ಹೊಲಿಗೆಯೂ ಹಾಗೇ.

"ಒಂದು ಕೇಳ್ತೀನಿ, ಬೇಜಾರಾಗಬೇಡಿ," ಎಂದಳು ಈಗ. "ಒಳ್ಳೇ ಪ್ರತಿ ಸಿಕ್ಕಿದೆ. ಸೆಟ್ಟು ಪೂರ್ತಿ ಇದೆ. ಆ ಹರಕಿಗೆ ಯಾಕೆ ಇಷ್ಟು ಸಂಕಟ?"

ಮೇಷ್ಟ್ರು ಮೂವತ್ತೊಂದನೆಯ ಪುಟ ತೆರೆದರು. ದೀಪಸ್ತಂಭ ಕಾಯುವವನ ಮಗಳು ಲಾಟೀನು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಾಳೆ. ಬಣ್ಣ ತುಂಬಬೇಕಿದ್ದ ಕಡೆ ಅಚ್ಚಿನವರು ಏನೂ ತುಂಬದೆ ಬಿಟ್ಟಿದ್ದರಿಂದ ಅವಳ ಫ್ರಾಕು ಖಾಲಿ, ಬಿಳಿ.

"ನನ್ನ ಪ್ರತೀಲಿ ಈ ಫ್ರಾಕು ಕೆಂಪು. ನನ್ನ ತಂಗಿ ಹಚ್ಚಿದ್ದು. ಅವಳಿಗೆ ಏಳು ವರ್ಷ, ನನಗೆ ಹನ್ನೆರಡು. ಎಡಗಾಲಿನ ಬೂಟಿಗೆ ಹಸಿರು. ಬಲಗಾಲಿಂದು ಹಾಗೇ ಉಳೀತು."

"ಯಾಕೆ ಉಳೀತು?"

ಮೇಷ್ಟ್ರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಾನು ಪೆನ್ಸಿಲ್ ಕಿತ್ಕೊಂಡು ಮುರಿದೆ. ಎರಡು ತುಂಡು ಮಾಡಿ ಅವಳ ಮುಂದೆ ಎಸೆದೆ, ನನ್ನ ಪುಸ್ತಕ ಹಾಳು ಮಾಡಿದಳು ಅಂತ. ಇದನ್ನ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ ಅಕ್ಕ. ಕಟ್ಟಿಕೊಂಡವಳಿಗೂ ಹೇಳಿರಲಿಲ್ಲ."

ಆ ವಾರವೇ ಮಕ್ಕಳಿಲ್ಲದ ಚಿಕ್ಕಮ್ಮ ಬಂದು ತಂಗಿಯನ್ನು ಸಾಕಿಕೊಳ್ಳಲು ಕರೆದೊಯ್ದಳು. ಎರಡು ವರ್ಷಕ್ಕೆ ಒಂದು ಕಾಗದ ಬಂತು. ಮಗು ಜ್ವರ ಬಂದು ತೀರಿಹೋಯಿತು ಎಂದು. ಆಮೇಲೆ ಚಿಕ್ಕಮ್ಮನ ಸುದ್ದಿಯೂ ಇಲ್ಲ.

"ಅವಳು ಬಣ್ಣ ಹಚ್ಚಿದ್ದು, ಜ್ವರದಲ್ಲಿ ಹೋದದ್ದು, ಇಷ್ಟು ಮನೆಯವರಿಗೆ ಗೊತ್ತು. ಫೋಟೋ ಕೂಡ ಇಲ್ಲ ನನ್ನ ಹತ್ರ," ಎಂದರು ಮೇಷ್ಟ್ರು. "ಆ ಪುಟ ಒಂದೇ."

ಅಷ್ಟರಲ್ಲಿ ಸೊಸೆ ಬಂದು ಬಾಗಿಲಲ್ಲಿ ನಿಂತಳು. ಆಸ್ಪತ್ರೆಯಲ್ಲಿ ನರ್ಸು. ಮಾತು ಕಡಿಮೆ, ಆಡಿದರೆ ನೆಟ್ಟಗೆ. ಹೆಗಲಲ್ಲಿ ಬಟ್ಟೆ ತುಂಬಿದ ಚೀಲ. ಗಂಡ ಕೆಲಸದ ಮೇಲೆ ಹೊರಗಿದ್ದ. ಬರುವುದು ಭಾನುವಾರ.

"ಅಜ್ಜಿ, ಬೀರು ಕೀಲಿ ಮೇಜಿನ ಮೇಲಿಟ್ಟಿದ್ದೀನಿ. ಮಾವನವರಿಗೆ ಎಣಿಸಿಕೊಳ್ಳೋಕೆ ಹೇಳಿ. ಒಂದೇ ಇರೋದು, ಕಷ್ಟ ಆಗಲ್ಲ."

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ನಾಲ್ಕು ದಿನದ ಹಿಂದೆ ಸಿಟ್ಟಿನಲ್ಲಿ ಅಂದಿದ್ದರು: 'ನನ್ನ ಕೀಲಿ ನನ್ನ ಜೇಬಲ್ಲೇ ಇತ್ತು.' ಅಷ್ಟೇ ಮಾತು. ಆದರೆ ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

"ಎಲ್ಲಿಗೆ ಮಗೂ?"

"ತೌರಿಗೆ. ಐದರ ಬಸ್ಸಿಗೆ."

"ಸಂಜೆವರೆಗೆ ತಡಿ."

"ನಾಲ್ಕು ದಿನ ತಡೆದೆ ಅಜ್ಜಿ. ಹದಿಮೂರು ವರ್ಷದಿಂದ ಈ ಪುಸ್ತಕಗಳ ಧೂಳು ಒರೆಸಿದ್ದೀನಿ. ಮಗೂನ ಸ್ನಾನ ಮಾಡಿಸೋ ಹಾಗೆ ಒರೆಸಿದ್ದೀನಿ. ಇನ್ನು ಆಗಲ್ಲ."

"ಹೋಗುವಾಗ ಇದೊಂದು ನೋಡಿ ಹೋಗು." ಅಜ್ಜಿ ಹದಿನೇಳರ ಲಕೋಟೆಯನ್ನು ಚಾಚಿದಳು. "ಇದು ನೀನು ಮಡಚಿದ್ದಾ?"

ಸೊಸೆ ಒಂದೇ ನೋಟಕ್ಕೆ ತಲೆಯಾಡಿಸಿದಳು. "ಅಲ್ಲ. ನಾನು ಮೂಲೆ ದುಂಡಗೆ ಕತ್ತರಿಸ್ತೀನಿ, ಪುಸ್ತಕಕ್ಕೆ ಚುಚ್ಚಬಾರದು ಅಂತ. ಇದರ ಮೂಲೆ ಚೂಪು. ನಂಬರೂ ನನ್ನ ಕೈಬರಹ ಅಲ್ಲ."

"ಇದನ್ನ ಯಾಕೆ ಮೊದಲೇ ಹೇಳಲಿಲ್ಲ?"

"ಕೇಳಿದವರು ಯಾರು?"

ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು.

ಅಜ್ಜಿ ಭೂತಗನ್ನಡಿ ಹಿಡಿದು ಪುನಃ ಪುಟ ತಿರುವತೊಡಗಿದಳು. ಲಕೋಟೆಯ ಸಮೇತ ಒಯ್ದಿದ್ದಾನೆ. ಹೊಸ ಲಕೋಟೆ ತಂದಿಟ್ಟಿದ್ದಾನೆ. ಪುಸ್ತಕದ ಬೆಲೆ ಬಲ್ಲವನು. ಅವಸರವಿಲ್ಲದವನು.

ಕೊನೆಯ ಹಾಳೆಯಲ್ಲಿ ಅವಳ ಬೆರಳು ತಟ್ಟನೆ ನಿಂತಿತು.

ಅಲ್ಲೊಂದು ಹರಕು ಇತ್ತು. ಇತ್ತು ಎಂದರೆ, ಒಂದು ಕಾಲದಲ್ಲಿ ಇತ್ತು. ಬೆರಳಿನುದ್ದದ ಹರಕನ್ನು ಯಾರೋ ಎಳೆಗೆ ಎಳೆ ಸೇರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳುವಾದ ಕಾಗದದ ನಾರು ಕೂರಿಸಿ ಅಂಟಿಸಿದ್ದರು. ಗೋಂದು ಒಂದು ಕಡೆಯೂ ಉಕ್ಕಿಲ್ಲ. ಅಚ್ಚಿನ ಗೆರೆ ಒಂದು ಕೂದಲಿನಷ್ಟೂ ಸರಿದಿಲ್ಲ.

ಭೂತಗನ್ನಡಿ ಕೆಳಗಿಟ್ಟು ಅಜ್ಜಿ ನಿಟ್ಟುಸಿರು ಬಿಟ್ಟಳು. ಎಷ್ಟು ಪುಸ್ತಕಕ್ಕೆ ತೇಪೆ ಹಾಕಿದ್ದಾಳೆ, ಎಷ್ಟು ಬೈಂಡರುಗಳನ್ನು ನೋಡಿದ್ದಾಳೆ! ಇಂಥ ಕೈ ಕಂಡಿರಲಿಲ್ಲ. ಇದು ಪುಸ್ತಕ ಕಟ್ಟುವವರ ಕೈ ಅಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದನ್ನು ಹೊಲಿದು ಪಳಗಿದ ಕೈ.

"ಮೇಷ್ಟ್ರೇ, ಭಾನುವಾರ ನಿಮ್ಮ ಜೊತೆ ಕೂತು ಇವನ್ನೆಲ್ಲ ನೋಡೋರು ಯಾರು?"

"ಕಣ್ಣಿನ ಡಾಕ್ಟ್ರು. ಅವನೊಬ್ಬನೇ. ಯಾಕೆ?"

"ಏನಿಲ್ಲ. ನನ್ನ ಕಣ್ಣಿಗೆ ಪೊರೆ ಬಂದ ಹಾಗಿದೆ, ತೋರಿಸ್ಕೊಂಡು ಬರ್ತೀನಿ. ಈ ಪುಸ್ತಕ ಒಂದು ಗಳಿಗೆ ನನ್ನ ಚೀಲದಲ್ಲಿರಲಿ."

*

ಕಣ್ಣಿನ ಡಾಕ್ಟರು ಕೆಲಸದಿಂದ ನಿವೃತ್ತರಾಗಿದ್ದರೂ ಮಧ್ಯಾಹ್ನ ಮೂರರಿಂದ ಐದರವರೆಗೆ ತಮ್ಮ ಹಳೆಯ ಕ್ಲಿನಿಕ್ಕಿನಲ್ಲಿ ಕೂರುತ್ತಿದ್ದರು. ಗೋಡೆಗೆ ಅಕ್ಷರಗಳ ಬೋರ್ಡು, ಮೂಲೆಯಲ್ಲಿ ಗದ್ದ ಇಟ್ಟು ಕೂರುವ ಯಂತ್ರ. ಅಜ್ಜಿಯ ಸರದಿ ಬಂದಾಗ ನಾಲ್ಕೂವರೆ.

"ಗದ್ದ ಇಲ್ಲಿಡಿ ಅಜ್ಜಿ."

ಅಜ್ಜಿ ಗದ್ದ ಇಡಲಿಲ್ಲ. ಆ ಜಾಗದಲ್ಲಿ ಪುಸ್ತಕ ಇಟ್ಟಳು.

ಡಾಕ್ಟರು ಕತ್ತಲಲ್ಲಿ ಯಂತ್ರಕ್ಕೆ ಕಣ್ಣಿಟ್ಟರು. ಆಮೇಲೆ ಮೆಲ್ಲಗೆ ನಕ್ಕರು.

"ಪರವಾಗಿಲ್ಲವೇ! ನಾಲ್ಕು ದಿನಕ್ಕೆ ಸಿಕ್ಕಿಬಿದ್ದೆ. ನಾನು ಒಂದು ತಿಂಗಳು ಅಂದುಕೊಂಡಿದ್ದೆ. ಮೇಷ್ಟ್ರು ಕಳಿಸಿದ್ರಾ?"

"ಅವರಿಗೆ ಇನ್ನೂ ಗೊತ್ತಿಲ್ಲ. ನಿಮ್ಮ ಕೈ ಹಿಡಿದುಕೊಟ್ಟದ್ದು ಈ ತೇಪೆ."

"ಕಂಡುಹಿಡಿದ್ರಾ? ಅದನ್ನ?" ಡಾಕ್ಟರು ಮಗುವಿನಂತೆ ಖುಷಿಯಾದರು. ದೀಪ ಹಾಕಿದರು. "ಮೂರು ಸಂಜೆ ಹಿಡೀತು ಅಜ್ಜಿ. ಕಣ್ಣಿನ ಆಪರೇಷನ್ನಿನ ಚಿಮಟದಲ್ಲೇ ಮಾಡಿದ್ದು."

"ಚೆನ್ನಾಗಿದೆ. ಸುಳ್ಳು ಹೇಳಲ್ಲ, ನನಗೆ ಹೊಟ್ಟೆಕಿಚ್ಚಾಯ್ತು. ಆದ್ರೆ ಹೇಳದೆ ಕೇಳದೆ ಒಬ್ಬರ ಬೀರುಗೆ ಕೈ ಹಾಕೋದಾ?"

"ಅಯ್ಯೋ, ಅದು ನಮ್ಮೋರಲ್ಲಿ ಇರೋದೇ. ಗೆಳೆಯನ ಸೆಟ್ಟಲ್ಲಿ ಒಂದು ಹರಕು ಪ್ರತಿ ಇದೆ ಅಂದ್ರೆ ಒಳ್ಳೇದು ಹುಡುಕಿ, ಸದ್ದಿಲ್ಲದೆ ಬದಲಾಯಿಸಿಡೋದು. ಅವನು ಯಾವಾಗ ಕಂಡುಹಿಡೀತಾನೆ ಅಂತ ಕಾಯೋದು. ಅದರ ಮಜಾನೇ ಬೇರೆ. ಹೋದ ಭಾನುವಾರ ಮೇಷ್ಟ್ರು ಟೀ ತರೋಕೆ ಒಳಗೆ ಹೋದ್ರು, ಬೀರು ತೆರೆದಿತ್ತು, ಕೆಲಸ ಮುಗೀತು. ಈ ಹದಿನೇಳಕ್ಕೆ ಹನ್ನೊಂದು ವರ್ಷ ಹುಡುಕಿದ್ದೀನಿ."

"ನಿಮ್ಮ ಸೆಟ್ಟಲ್ಲಿ ಹದಿನೇಳು ಇದೆಯಾ?"

ಡಾಕ್ಟರು ಕೈ ಒರೆಸಿಕೊಂಡರು. "ಇಲ್ಲ. ನನ್ನದರಲ್ಲಿ ಅದೊಂದೇ ಇಲ್ಲ."

ಬೈಯಲು ಬಂದಿದ್ದ ಅಜ್ಜಿಗೆ ಬೈಗುಳ ಮರೆತಂತಾಯಿತು. ಹನ್ನೊಂದು ವರ್ಷ ಹುಡುಕಿ ಸಿಕ್ಕಿದ್ದನ್ನು, ತನ್ನಲ್ಲೇ ಇಲ್ಲದ್ದನ್ನು, ಗೆಳೆಯನ ಬೀರುವಿನಲ್ಲಿ ಕದ್ದು ಇಟ್ಟು ಬರುವ ಕಳ್ಳ!

"ದೊಡ್ಡ ಮನಸ್ಸು ನಿಮ್ಮದು ಡಾಕ್ಟ್ರೇ," ಎಂದಳು. "ಆದ್ರೆ ಎತ್ತಿಗೆ ಜ್ವರ ಬಂದು ಎಮ್ಮೆಗೆ ಬರೆ ಬಿತ್ತು. ಕಳವಿನ ಮಾತು ಸೊಸೆ ತಲೆ ಮೇಲೆ ಬಂತು. ಅವಳು ಚೀಲ ಕಟ್ಟಿಕೊಂಡು ಹೊರಟೇಬಿಟ್ಟಳು."

ಡಾಕ್ಟರ ಮುಖದಿಂದ ನಗು ಹೋಯಿತು. "ಸೊಸೇನಾ? ಆ ಹುಡುಗೀನಾ? ಮೇಷ್ಟ್ರಿಗೇನು ತಲೆ ಕೆಟ್ಟಿದೆಯಾ? ಒಂದು ಹರಕು ಪ್ರತಿಗೆ? ಅದರಲ್ಲಿ ಯಾವುದೋ ಮಗು ಬೇರೆ ಗೀಚಿತ್ತು!"

"ಯಾವುದೋ ಮಗು ಅಲ್ಲ."

ಅಜ್ಜಿ ಹೇಳಿದಳು. ತಂಗಿ, ಕೆಂಪು ಫ್ರಾಕು, ಜ್ವರದ ಕಾಗದ, ಇಷ್ಟೇ. ಪೆನ್ಸಿಲ್ಲಿನ ವಿಷಯ ಹೇಳಲಿಲ್ಲ. ಅದು ಅವಳನ್ನು ನಂಬಿ ಆಡಿದ ಮಾತು.

ಡಾಕ್ಟರು ಕುರ್ಚಿಗೆ ಒರಗಿದರು. ಮೂವತ್ತು ವರ್ಷ ಜೊತೆಯಲ್ಲಿ ಪುಟ ತಿರುವಿದ್ದರು. ಗೆಳೆಯ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ತಾವೂ ಕೇಳಿರಲಿಲ್ಲ. ಜಗತ್ತಿನ ಕಣ್ಣೆಲ್ಲ ನೋಡಿದವರಿಗೆ ಇದು ಕಂಡಿರಲಿಲ್ಲ.

"ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದೆ ನಾನು," ಎಂದರು ಕೊನೆಗೆ.

"ಆಗಿದ್ದಾಯ್ತು. ಆ ಪ್ರತಿ ಎಲ್ಲಿ?"

"ಎದುರಿನ ರದ್ದಿರಾಜನ ಅಂಗಡೀಲಿ. ಅವನದು ಒಂದೇ ಕಟ್ಟಳೆ. ಒಳ್ಳೇ ಪ್ರತಿ ಒಯ್ದವರು ಅದೇ ಸಂಚಿಕೆಯ ಹಳೇದೊಂದು ಆಮೇಲೆ ತಂದುಕೊಡಬೇಕು. ಲಕೋಟೆ ಸಮೇತ ಕೊಟ್ಟುಬಿಟ್ಟೆ."

"ಏಳಿ ಮತ್ತೆ. ಅಲ್ಲೇ ಇರುತ್ತೆ."

"ಇರಬೇಕು." ಡಾಕ್ಟರು ಕೋಟು ಬಿಚ್ಚುವುದನ್ನೂ ಮರೆತು ಹೊರಟರು. "ಹರಕು ಪ್ರತಿ ಯಾರು ಕೇಳ್ತಾರೆ?"

*

ರದ್ದಿರಾಜನ ಅಂಗಡಿಯಲ್ಲಿ ನೆಲದಿಂದ ಮಾಡಿನವರೆಗೆ ಹಳೆಯ ಪುಸ್ತಕ. ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ದಾರಿ. ಅವನು ಟೀ ಲೋಟ ಹಿಡಿದು ಸ್ಟೂಲಿನ ಮೇಲೆ ಕೂತಿದ್ದ.

"ಹದಿನೇಳಾ? ಹೋಯ್ತಲ್ಲ ಡಾಕ್ಟ್ರೇ. ಬೆಳಿಗ್ಗೆ ಒಬ್ಬರು ಒಯ್ದರು."

"ಗೀಚಿದ್ದನ್ನ?"

"ಅದನ್ನೇ. ನಾನೂ ಹೇಳಿದೆ, ಒಳಗೆ ಯಾರೋ ಬಣ್ಣ ಮೆತ್ತಿದ್ದಾರಮ್ಮ ಅಂತ. ಕೇಳಿದ್ರೆ ತಾನೇ? ವಯಸ್ಸಾದ ಹೆಂಗಸು. ಎರಡು ದಿನದಿಂದ ಯಾವುದೋ ಹಳೇ ಬೀದಿ ಹುಡುಕ್ತಿದ್ರಂತೆ. ಆ ಬೀದಿ ಎಲ್ಲಿದೆ ಈಗ, ರಸ್ತೆ ಅಗಲ ಮಾಡಿದಾಗಲೇ ಹೋಯ್ತು. ಬಿಸಿಲಿಗೆ ಸಾಕಾಗಿ ಇಲ್ಲಿ ನೆರಳಿಗೆ ನಿಂತ್ರು. ಮೇಲೇ ಇತ್ತು ಆ ಪುಸ್ತಕ. ಹೊದಿಕೆ ನೋಡಿದ್ದೇ ತಡ, ಎತ್ಕೊಂಡ್ರು. ನೇರ ನಡುವಿಗೆ ತೆರೆದ್ರು. ನಗ್ತಾರೆ, ಅಳ್ತಾರೆ, ನನಗೇನೂ ಅರ್ಥ ಆಗಲಿಲ್ಲ."

"ಏನಾದ್ರೂ ಹೇಳಿದ್ರಾ?" ಎಂದಳು ಅಜ್ಜಿ.

"ಹೇಳಿದ್ರು. 'ಇನ್ನೊಂದು ಬೂಟು ಹಾಗೇ ಉಳೀತು ನೋಡಿ. ನಮ್ಮಣ್ಣ ಪೆನ್ಸಿಲ್ ಮುರಿದುಹಾಕಿದ' ಅಂದ್ರು."

ಅಜ್ಜಿ ಪುಸ್ತಕದ ರಾಶಿಯನ್ನು ಹಿಡಿದುಕೊಂಡಳು. ಅರವತ್ತು ವರ್ಷ ಒಬ್ಬರ ಎದೆಯಲ್ಲೇ ಇದ್ದ ಮಾತು. ಇವತ್ತು ಮಧ್ಯಾಹ್ನ ತನ್ನೊಬ್ಬಳ ಕಿವಿಗೆ ಬಿದ್ದದ್ದು. ಇದನ್ನು ಬಲ್ಲ ಮೂರನೆಯವರು ಭೂಮಿಯ ಮೇಲೆ ಒಬ್ಬರೇ ಇರಲು ಸಾಧ್ಯ.

ಜ್ವರದ ಕಾಗದ ಸುಳ್ಳು.

"ಪುಸ್ತಕ ಯಾರ ಮನೇದು ಅಂತ ಕೇಳಲಿಲ್ವಾ?"

ರದ್ದಿರಾಜ ಲೋಟದೊಳಗೆ ನೋಡಿದ. "ಕೇಳಿದ್ರು."

"ನೀನೇನಂದೆ?"

"ಎಲ್ಲರಿಗೂ ಹೇಳೋದೇ ಹೇಳಿದೆ ಅಜ್ಜಿ. ಕೊಟ್ಟವರು ಬದುಕಿದ್ದಾರೆ ಅಂದ್ರೆ ಗಿರಾಕಿ ಅವರ ಮನೆಗೇ ನೇರ ಹೋಗಿಬಿಡ್ತಾರೆ, ನನ್ನ ವ್ಯಾಪಾರ ಹೋಗುತ್ತೆ. ಅದಕ್ಕೆ... ಯಜಮಾನರು ತೀರಿಕೊಂಡ್ರು ಅಂದೆ."

ಡಾಕ್ಟರು ಅವನ ಕೊರಳಪಟ್ಟಿಗೆ ಕೈ ಹಾಕುವುದೊಂದು ಬಾಕಿ. ಅಜ್ಜಿ ನಡುವೆ ಬಂದಳು.

"ಆಮೇಲೆ?"

"ಹಾಗಿದ್ರೆ ಇಲ್ಲಿ ನನಗಿನ್ನೇನು ಕೆಲಸ ಅಂದ್ರು. ಬಸ್ಸು ಎಷ್ಟಕ್ಕೆ ಅಂತ ಕೇಳಿದ್ರು. ಐದಕ್ಕೆ ಅಂದೆ."

ಗೋಡೆ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಡಾಕ್ಟರು ಕಾರಿನ ಕೀಲಿಗೆ ಜೇಬು ತಡಕಿದರು. ಅಷ್ಟರಲ್ಲಿ ಅಜ್ಜಿಯ ಚೀಲದಲ್ಲಿ ಫೋನು ಹೊಡೆದುಕೊಂಡಿತು.

"ಅಜ್ಜಿ, ಸಿಕ್ಕಳು!" ಸೊಸೆ. ಏದುಸಿರು. "ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಾಳೆ ಕಳ್ಳಿ. ತೊಡೆ ಮೇಲೆ ನನ್ನ ಲಕೋಟೆ! ದುಂಡು ಮೂಲೆ, ನನ್ನ ಕೈಬರಹದ ಹದಿನೇಳು. ಕೈ ಹಿಡ್ಕೊಂಡಿದ್ದೀನಿ, ಬಿಡಲ್ಲ. ಪೊಲೀಸ್ ಚೌಕಿ ಎದುರಿಗೇ ಇದೆ. ಮಾವನಿಗೆ ಹೇಳಿ, ಬಂದು ನೋಡಲಿ, ಯಾರು ಕದ್ದಿದ್ದು ಅಂತ!"

"ಮಗೂ, ಕೈ ಬಿಡು. ಅವರು ಕಳ್ಳಿ ಅಲ್ಲ, ನಾನು ಹೇಳೋದು ಕೇಳು..."

ಬಸ್ಸಿನ ಹಾರನ್ನು ಮಾತನ್ನು ನುಂಗಿತು. ಅದರಾಚೆ ಸಣ್ಣದೊಂದು ಮುದಿದನಿ ಕೇಳಿಸಿತು. "ಬಿಡಮ್ಮ. ಇದು ನಮ್ಮಣ್ಣಂದು. ಅವನಂತೂ ಹೋಗಿಬಿಟ್ಟ. ಇದೊಂದಾದ್ರೂ ನನ್ನ ಹತ್ರ ಇರಲಿ."

"ಈ ಕಥೆ ಗೊತ್ತಿಲ್ಲದೋರ ಮುಂದೆ ಹೇಳಿ!" ಸೊಸೆ ಫೋನು ಮರೆತು ಕೂಗಿದಳು. "ಆ ತಂಗಿ ಸತ್ತು ಅರವತ್ತು ವರ್ಷ ಆಯ್ತು. ಅಣ್ಣ ನಮ್ಮ ಮಾವ. ಬದುಕಿದ್ದಾರೆ, ಮನೇಲಿ ಕೂತಿದ್ದಾರೆ!"

ಏನೋ ಭಾರವಾದದ್ದು ಬಿದ್ದ ಸದ್ದು. ಜನ ಓಡಿಬರುವ ಸದ್ದು.

"ಮಗೂ? ಮಗೂ, ಏನಾಯ್ತು?"

ಮತ್ತೆ ಫೋನಿನಲ್ಲಿ ಬಂದದ್ದು ಸಿಟ್ಟಿನ ಸೊಸೆಯಲ್ಲ, ವಾರ್ಡಿನ ನರ್ಸು.

"ಅಜ್ಜಿ, ಡಾಕ್ಟ್ರು ಹತ್ರದಲ್ಲಿದ್ರೆ ಓಡಿ ಬರ ಹೇಳಿ. ಇವರು ಕುಸಿದುಬಿಟ್ರು. ನಾಡಿ ಹುಡುಕ್ತಿದ್ದೀನಿ... ಸಿಗ್ತಿಲ್ಲ."